ನಾನು ಹೊಲಿಯದ ಕೌದಿ

ನಮ್ಮವ್ವ ನನ್ನ ಮದುವೆಗೆಂದು ಹೊಲಿದ ಕೌದಿಯನ್ನು ನಾನು ಸೈಕಲ್ಲಿಗೆ ಹೊದಿಸಿಟ್ಟಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ಛೀ ಥೂ ಅನ್ನುವುದಕ್ಕಿಂತ ಇದು ವಾಸಿ. ಸೈಕಲ್ಲೂ ಸಾಮಾನ್ಯದ್ದಲ್ಲ, ಬ್ಯಾಟರಿಯದು. ನೆದರ್ಲೆಂಡ್ಸಿನಲ್ಲಿ ಅದಕ್ಕೆ ಮನೆಯ ಅಳಿಯನಿಗಿಂತ ಹೆಚ್ಚು ಮರ್ಯಾದೆ. ಚಳಿಗೆ ಬ್ಯಾಟರಿ ಸೊರಗುತ್ತದೆ, ಏನಾದರೂ ದಪ್ಪಗಿರುವುದನ್ನು ಹೊದಿಸಿ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಹಾಳಾದರೂ ಚಿಂತೆಯಿಲ್ಲದಂಥ ದಪ್ಪ ಬಟ್ಟೆ ಮನೆಯಲ್ಲಿ ಯಾವುದಿದೆ ಎಂದು ಹುಡುಕಿದೆ. ಕೌದಿ ಸಿಕ್ಕಿತು.

ಕೌದಿ ನೋಡದವರಿಗೆ ಒಂದು ಮಾತು. ಗದಗದ ಕಡೆಯ ನಮ್ಮ ಮನೆಗಳಲ್ಲಿ ಹಳೆಯ ಬಟ್ಟೆಯನ್ನು ಎಸೆಯುವುದಿಲ್ಲ. ಸೀರೆ ಹರಿಯುತ್ತದೆ, ಧೋತರ ಸವೆಯುತ್ತದೆ, ಲಂಗ ಗಿಡ್ಡವಾಗುತ್ತದೆ. ಎಲ್ಲವನ್ನೂ ಒಗೆದು ಒಣಗಿಸಿ, ತುಂಡು ಮಾಡಿ, ಒಂದು ಹಳೆಯ ಸೀರೆಯ ಮೇಲೆ ಪದರಪದರವಾಗಿ ಹಾಸಿ, ಅಂಚಿನಿಂದ ಶುರುಮಾಡಿ ನಡುವಿನವರೆಗೆ ಕೈಯಲ್ಲೇ ಎಳೆ ಎಳೆಯಾಗಿ ಹೊಲಿಯುತ್ತಾರೆ. ಹಾಸಲೂ ಬಂತು, ಹೊದೆಯಲೂ ಬಂತು. ನನ್ನ ಕೌದಿಯಲ್ಲಿ ಅವ್ವನ ಎರಡು ಇಳಕಲ್ ಸೀರೆಗಳಿದ್ದವು, ಅಜ್ಜಿಯ ಕುಬುಸಗಳಿದ್ದವು, ನಾನು ಹೈಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಲಂಗವಿತ್ತು. ನಟ್ಟನಡುವೆ ಒಂದು ಬಿಳಿಯ ಚೌಕ. ಅದು ಅಪ್ಪನ ಧೋತರ. ಅಪ್ಪ ನನ್ನ ಮದುವೆಗೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದ.

ಮದುವೆಯಾಗಿ ಮೈಸೂರಿಗೆ ಬಂದ ಮರುದಿನ ನಮ್ಮ ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ, "ಹಳೇ ಬಟ್ಟೇದಾ?" ಎಂದು ಕೇಳಿದರು. ಅಷ್ಟೇ ಕೇಳಿದ್ದು. ನನಗೆ ಕಿವಿಯವರೆಗೆ ಬಿಸಿಯೇರಿತು. "ಅದು ಸುಮ್ನೆ, ಶಾಸ್ತ್ರಕ್ಕೆ ಕೊಟ್ಟಿದ್ದು" ಎಂದು ಮಂಚದ ಕೆಳಗೆ ತಳ್ಳಿದೆ. ದಯವಿಟ್ಟು ಅತ್ತೆಯನ್ನು ಬೈಯಬೇಡಿ, ತಳ್ಳಿದ ಕೈ ನನ್ನದು. ಮುಂದೆ ಇಬ್ಬರಿಗೂ ನೆದರ್ಲೆಂಡ್ಸಿನಲ್ಲಿ ಕೆಲಸ ಸಿಕ್ಕಾಗ ದೋಸೆಹಿಟ್ಟಿನ ಗ್ರೈಂಡರ್ ಒಡೆಯದಿರಲಿ ಎಂದು ಅದಕ್ಕೆ ಕೌದಿ ಸುತ್ತಿ ಪೆಟ್ಟಿಗೆಗೆ ಹಾಕಿದೆವು. ಗ್ರೈಂಡರ್ ಕ್ಷೇಮವಾಗಿ ಬಂತು.

ನಾವಿರುವುದು ರೈಸ್‌ವೈಕ್‌ನ ಒಂದು ಓಣಿಯಲ್ಲಿ, ಸಾಲುಮನೆಗಳು. ಎದುರುಮನೆಯಾಕೆ ನಿವೃತ್ತ ಶಿಕ್ಷಕಿ. ಎಪ್ಪತ್ತು ದಾಟಿದ್ದರೂ ಏಣಿ ಹತ್ತಿ ತಾನೇ ಕಿಟಕಿ ಒರೆಸುತ್ತಾಳೆ. ಎಂಟು ವರ್ಷ ಎದುರುಬದುರು ಇದ್ದರೂ ನಮ್ಮಿಬ್ಬರ ನಡುವೆ ಚಳಿ, ಗಾಳಿ ಮತ್ತು ಕಸದ ಡಬ್ಬಿಯ ವಾರ ಬಿಟ್ಟರೆ ಬೇರೆ ಮಾತು ಆಗಿರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ನಾನು ಶೆಡ್ಡಿನಿಂದ ಸೈಕಲ್ ಹೊರಗೆ ತೆಗೆಯುವಾಗ ಆಕೆ ರಸ್ತೆ ದಾಟಿ ಓಡಿಬಂದಳು. ಓಡಿಯೇ ಬಂದಳು. ಕೌದಿಯ ಅಂಚು ಹಿಡಿದು, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. "ಇದು ಕೈಹೊಲಿಗೆ! ಪೂರ್ತಿ ಕೈಹೊಲಿಗೆ! ನೀನೇ ಮಾಡಿದ್ದಾ?" ಎಂದಳು.

ಅರೆ ಕ್ಷಣದಲ್ಲಿ ನನ್ನ ತಲೆ ಲೆಕ್ಕ ಹಾಕಿತು. ನಾನೇ ಹೊಲಿದದ್ದಾದರೆ ಅದನ್ನು ಸೈಕಲ್ಲಿಗೆ ಹೊದಿಸುವುದು ನನ್ನಿಷ್ಟ. ಅವ್ವ ಹೊಲಿದುಕೊಟ್ಟದ್ದು ಎಂದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ, ಈ ದೇಶದವರು ಬಾಯಿಗೆ ಬಂದದ್ದನ್ನು ನುಂಗುವವರಲ್ಲ. "ಹೌದು" ಅಂದುಬಿಟ್ಟೆ. ಆಕೆಯ ಕಣ್ಣಲ್ಲಿ ನೀರು ಬಂತು.

ಹೀಗೆ ನಾನು ಓಣಿಯ ಕ್ವಿಲ್ಟ್ ಕ್ಲಬ್ಬಿಗೆ, ಅಂದರೆ ಅವರ ಕೌದಿ ಸಂಘಕ್ಕೆ, ಸೇರಿದೆ. ಬುಧವಾರ ಮಕ್ಕಳ ಶಾಲೆ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಆ ದಿನ ನಾನು ಯುಟ್ರೆಕ್ಟ್‌ನ ಆಫೀಸಿಗೆ ಹೋಗುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಓಣಿಯ ಸಮುದಾಯ ಭವನದಲ್ಲಿ ಕ್ಲಬ್ಬು. ಎದುರುಮನೆಯಾಕೆಯೇ ಅದರ ಯಜಮಾನಿ. ಅಲ್ಲಿ ನಾನು ಕಂಡದ್ದನ್ನು ನಮ್ಮೂರಲ್ಲಿ ಹೇಳಿದರೆ ನಂಬುವುದಿಲ್ಲ. ಹೊಚ್ಚಹೊಸ ಬಟ್ಟೆಯನ್ನು ಅಂಗಡಿಯಿಂದ ತರುತ್ತಾರೆ. ಅದನ್ನು ಇಸ್ತ್ರಿ ಮಾಡುತ್ತಾರೆ. ಪಿಜ್ಜಾ ಕತ್ತರಿಸುವ ಚಕ್ರದಂಥದ್ದೊಂದರಿಂದ ಚೂರು ಚೂರು ಮಾಡುತ್ತಾರೆ. ಮತ್ತೆ ಇಸ್ತ್ರಿ ಮಾಡುತ್ತಾರೆ. ಆಮೇಲೆ ಆ ಚೂರುಗಳನ್ನೆಲ್ಲ ಸೇರಿಸಿ, ಮೊದಲಿದ್ದ ಹಾಗೆಯೇ ಒಂದು ಇಡೀ ಬಟ್ಟೆ ಮಾಡಿ, ಅಬ್ಬಾ ಎಂದು ಕಾಫಿ ಕುಡಿಯುತ್ತಾರೆ. ಹೊಲಿಗೆ ಒಂದು ಕೂದಲೆಳೆ ಆಚೆ ಹೋದರೂ ಬಿಚ್ಚುತ್ತಾರೆ. ಬಿಚ್ಚುವುದಕ್ಕೇ ಒಂದು ಪುಟ್ಟ ಚೂಪು ಆಯುಧವಿದೆ, ಅದನ್ನು ಕೊರಳಿಗೆ ಕಟ್ಟಿಕೊಂಡಿರುತ್ತಾರೆ, ನಮ್ಮಲ್ಲಿ ತಾಳಿ ಕಟ್ಟಿಕೊಂಡ ಹಾಗೆ.

ಹೊಸಬರು ಸಣ್ಣ ಪ್ರಾಜೆಕ್ಟ್‌ನಿಂದ ಶುರು ಮಾಡಬೇಕೆಂಬುದು ಅಲ್ಲಿನ ನಿಯಮ. ನಾನು ಹೊಸಬಳಲ್ಲವಲ್ಲ, ಮಹಾ ಕಲಾವಿದೆ. ಆದರೂ ವಿನಯಕ್ಕೆಂದು ಒಪ್ಪಿಕೊಂಡೆ. ಬಿಸಿ ಪಾತ್ರೆ ಹಿಡಿಯುವ ಒಂದು ಚೌಕ ಬಟ್ಟೆ, ಅಂಗೈ ಅಗಲದ್ದು, ಹದಿನಾರು ಚೂರುಗಳದ್ದು. ಮಾಡಲು ಆರು ವಾರ ಹಿಡಿಯಿತು. ಅವ್ವನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ.

"ಏನಿದು?" ಎಂದಳು.

"ಬಿಸಿ ಪಾತ್ರಿ ಹಿಡಿಯಾಕ."

"ಮಸಿ ಅರಿವಿ?" ಅವ್ವ ಫೋನನ್ನು ಹತ್ತಿರಕ್ಕೆ ತಂದಳು. "ಮಸಿ ಅರಿವಿಗೆ ಆರು ವಾರ? ಅಷ್ಟರಾಗ ನಾವು ಮೂರು ಕೌದಿ ಮುಗಿಸಿ, ಒಗದು, ಹೊಚಗೊಂಡು ಮಲಗಿರ್ತಿದ್ವಿ!"

ಗಂಡ ಪಕ್ಕದಲ್ಲೇ ಇದ್ದ. "ಅತ್ತೆ, ನನ್ನ ಷರ್ಟಿಗೆ ಒಂದು ಗುಂಡಿ ಹಾಕ್ಕೊಡು ಅಂತ ಕೇಳಿ ಒಂದು ವರ್ಷ ಆಯ್ತು. ಅದಿನ್ನೂ ಪ್ಲಾನಿಂಗಲ್ಲಿದೆ" ಎಂದು ಉಪ್ಪು ಖಾರ ಸೇರಿಸಿದ.

ಹೊಲಿಗೆ ಬಾರದಿದ್ದರೇನು, ಮಾತು ಬರುತ್ತಿತ್ತು. ನನ್ನ ಕೌದಿಯನ್ನು ಕ್ಲಬ್ಬಿನ ಮೇಜಿನ ಮೇಲೆ ಹಾಸಿ ಅವರೆಲ್ಲ ಸುತ್ತ ನಿಂತರೆ ನನಗೆ ಎಲ್ಲಿಲ್ಲದ ಪಾಂಡಿತ್ಯ ಬರುತ್ತಿತ್ತು. ಕೆಂಪು ಎಂದರೆ ಭೂಮಿ ಅಂದೆ. ನೀಲಿ ಎಂದರೆ ಆಕಾಶ ಅಂದೆ. ಏಳನೇ ಕ್ಲಾಸಿನ ನಂತರ ಎರಡು ಸಲ ಮಡಿಕೆ ಬಿಚ್ಚಿದ ಸರ್ಕಾರಿ ಶಾಲೆಯ ಲಂಗ ಅದು. ನಡುವಿನ ಬಿಳಿ ಯಾವುದು ಎಂದು ಒಬ್ಬಳು ಕೇಳಿದಳು. "ಆತ್ಮ" ಅಂದೆ. ಅವರು ಬರೆದುಕೊಂಡರು. ದೇವರಾಣೆ, ಬರೆದುಕೊಂಡರು. ಒಮ್ಮೆ ಮಾತ್ರ ನಿಜ ಹೇಳಿದೆ: ನಮ್ಮಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ, ಕೊನೆಯ ಮೂಲೆ ಹೊಲಿಯುವ ಮೊದಲು ಒಳಗೆ ಒಂದು ಚೂರು ಹೋಳಿಗೆ ಇಡುತ್ತಾರೆ, ಎಂದು. ಅದನ್ನು ಮಾತ್ರ ಯಾರೂ ನಂಬಲಿಲ್ಲ. "ಇಲಿ ಬರುವುದಿಲ್ಲವೇ?" ಎಂದರು.

ನಗಾಡುತ್ತಿದ್ದೇನೆ, ಆದರೆ ಒಂದು ಮಾತು ಹೇಳಲೇಬೇಕು. ಆ ಬುಧವಾರಗಳು ನನಗೆ ಬೇಕಾಗಿದ್ದವು. ಆಫೀಸಿನಲ್ಲಿ ಹತ್ತು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ, ಊಟದ ಹೊತ್ತಿಗೆ ಅವರೆಲ್ಲ ಡಚ್ಚಿಗೆ ಹೊರಳಿದರೆ ನನ್ನ ಹರಕು ಡಚ್ಚು ಅವರ ವೇಗಕ್ಕೆ ನಿಲುಕದೆ ನಾನು ಚೀಸ್ ಬ್ರೆಡ್ ಅಗಿಯುತ್ತಾ ಗೋಡೆ ನೋಡುತ್ತಿದ್ದೆ. ಕನ್ನಡದವರ ಕೂಟಕ್ಕೆ ಹೋದರೆ ಮನೆಸಾಲ ಮತ್ತು ಪಾಸ್‌ಪೋರ್ಟಿನ ಮಾತು. ಕ್ಲಬ್ಬಿನಲ್ಲಿ ನಾನು ಬಾಯಿ ತೆರೆದರೆ ಎಲ್ಲರ ಸೂಜಿ ನಿಲ್ಲುತ್ತಿತ್ತು. ಎದುರುಮನೆಯಾಕೆ, ಮೊದಲೇ ದಿನ ಗೊತ್ತುಮಾಡದೆ, ಸುಮ್ಮನೆ ಬಾಗಿಲು ತಟ್ಟಿ ಬಂದು ಕೂರುವಷ್ಟು ಹತ್ತಿರವಾಗಿದ್ದಳು. ಈ ದೇಶದಲ್ಲಿ ಹಾಗೆ ಬರುವವರು ಎಷ್ಟು ಜನ ಎಂಬುದು ಇಲ್ಲಿದ್ದವರಿಗೆ ಗೊತ್ತು. ಸುಳ್ಳು ಹೊರಬಿದ್ದರೆ ಅದೆಲ್ಲ ಹೋಗುತ್ತದೆ ಎಂಬ ಹೆದರಿಕೆ ನನ್ನನ್ನು ಕಿತ್ತು ತಿನ್ನುತ್ತಿತ್ತು.

ಅಷ್ಟರಲ್ಲಿ ಕ್ಲಬ್ಬಿನ ಪ್ರದರ್ಶನದ ದಿನ ಗೊತ್ತಾಯಿತು. ನನ್ನ ಕೌದಿಗೆ ನಡುಗೋಡೆಯ ಜಾಗ. ಜೊತೆಗೆ ನಾನು ಕೂತು, ಜನರೆದುರು, ಕೌದಿ ಹೊಲಿದು ತೋರಿಸಬೇಕು.

ಬೇರೆ ದಾರಿಯಿರಲಿಲ್ಲ. ಅವ್ವನಿಗೆ ಫೋನ್ ಹಚ್ಚಿ, ಕೌದಿ ಹೊಲಿಯುವುದನ್ನು ಕಲಿಸು ಅಂದೆ.

ಅವ್ವ ಗಾಬರಿಯಾದಳು. "ಅಯ್ಯ, ಏನಾತು ಯವ್ವಾ? ಆರಾಮ ಅದೀಯಿಲ್ಲೋ?" ಎಂದಳು. ಆಮೇಲೆ ಅವಳ ಸಂಭ್ರಮ ನೋಡಬೇಕಿತ್ತು. ಊರ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿಟ್ಟು, ನೆಲದ ಮೇಲೆ ಕಾಲು ಚಾಚಿ, ತನ್ನ ಕೈ ಕಾಣುವ ಹಾಗೆ ಕೂರುತ್ತಿದ್ದಳು. "ಎಳಿ ಜಗ್ಗಬ್ಯಾಡ, ಅರಿವಿ ಮುದುಡತೈತಿ. ಸೂಜಿ ಅಂದ್ರ ಮೌಸ್ ಅಲ್ಲ, ಮೆತ್ತಗ ಹಿಡಿ." ನನ್ನ ಎಳೆ ನೋಡಿ, "ಥೋ, ಕೋಳಿ ಕೆದರಿದಂಗ ಆಗೇತಿ" ಅನ್ನುತ್ತಿದ್ದಳು, ಆದರೆ ನಗುತ್ತಾ. ಒಂದು ದಿನ ಏನೂ ಕೇಳದೆ ಅವಳಾಗಿಯೇ ಅಂದಳು: "ನಿನಗ ಕೊಟ್ಟದ್ದು ನೀ ಮೂಲಿಗೆ ಒಗದಿರಬೇಕು ಅಂದ್ಕೊಂಡಿದ್ನಿ. ಇಲ್ಲ, ನಿನಗ ಅದರ ಮ್ಯಾಲ ಜೀವ ಐತಿ." ನಾನು ಸಿಗ್ನಲ್ ಸರಿಯಿಲ್ಲ ಎಂದು ಕಾಲ್ ಕಟ್ ಮಾಡಿದೆ.

ಬೇಸಿಗೆಗೆ ಅವ್ವ ಮೂರು ತಿಂಗಳ ವೀಸಾದ ಮೇಲೆ ಬಂದಳು. ಪ್ರದರ್ಶನದ ವಿಷಯ ಅವಳಿಗೆ ಹೇಳದಿರಲು ನಾನು ಏನೆಲ್ಲ ಉಪಾಯ ಮಾಡಿದ್ದೆ! ಗಂಡ ಅವಳನ್ನು ಏರ್‌ಪೋರ್ಟಿನಿಂದ ಕರೆತರುವಾಗ ಕಾರಿನಲ್ಲೇ ಒದರಿಬಿಟ್ಟ: "ಅತ್ತೆ, ನಿಮ್ಮ ಕೌದೀನ ಎಕ್ಸಿಬಿಷನ್‌ನಲ್ಲಿ ಇಡ್ತಾರಂತೆ!" ಅವನಿಗೇನು ಗೊತ್ತು ಪಾಪ, ಹೊಲಿದವರ ಹೆಸರಿನ ಚೀಟಿಯಲ್ಲಿ ಯಾರ ಹೆಸರಿದೆ ಎಂದು. ಪ್ರದರ್ಶನದ ದಿನ ಅವ್ವ ಬೆಳಿಗ್ಗೆಯೇ ತಲೆಸ್ನಾನ ಮಾಡಿ, ಕೆಂಪು ದಡಿಯ ಇಳಕಲ್ ಸೀರೆ ಉಟ್ಟು, ಸೋಫಾದ ತುದಿಯಲ್ಲಿ ಕೂತಿದ್ದಳು. ನನ್ನ ಹನ್ನೊಂದು ವರ್ಷದ ಮಗಳು ಅವಳ ಕೈ ಹಿಡಿದಿದ್ದಳು. ತಲೆನೋವು ಎಂದು ಹೇಳೋಣ ಅಂದುಕೊಂಡೆ. ಅವ್ವನ ಮುಖ ನೋಡಿ ಹೇಳಲಾಗಲಿಲ್ಲ.

ಭವನದ ಬಾಗಿಲಲ್ಲೇ ಎದುರುಮನೆಯಾಕೆ ಅವ್ವನ ಎರಡೂ ಕೈ ಹಿಡಿದುಕೊಂಡಳು. ಕೌದಿಯ ಮುಂದೆ ಕರೆದೊಯ್ದು ನಿಲ್ಲಿಸಿ ಡಚ್ಚಿನಲ್ಲಿ ಹೇಳುತ್ತಾ ಹೋದಳು. ಮಗಳು ಅಜ್ಜಿಗೆ ಹೇಳುತ್ತಾ ಹೋದಳು. ನಾನು ನಡುವೆ ಬಾಯಿ ಹಾಕುವಷ್ಟರಲ್ಲಿ ಆಗಿಹೋಗಿತ್ತು.

"ಅಜ್ಜಿ, ಇವ್ರು ಇದನ್ನ ಫಸ್ಟ್ ಟೈಮ್ ಅಮ್ಮನ ಸೈಕಲ್ ಮೇಲೆ ನೋಡಿದ್ರಂತೆ. ಲೈಕ್, ಸೈಕಲ್ ಕವರ್."

"ಸೈಕಲ್ ಮ್ಯಾಲ?" ಎಂದಳು ಅವ್ವ.

"ಹ್ಞೂಂ. ಅಂಡ್ ಇಲ್ಲಿ ಕಾರ್ಡ್‌ನಲ್ಲಿ ಅಮ್ಮನ ನೇಮ್ ಇದೆ. ಅಮ್ಮ ಕೈಯಲ್ಲೇ ಹೊಲಿದಿದ್ದು ಅಂತ ಬರೆದಿದಾರೆ. ಬಟ್ ಅಜ್ಜಿ, ಇದು ನೀವಲ್ವಾ..."

ಅವ್ವ ಅವಳ ತಲೆ ಸವರಿ ಸುಮ್ಮನಾಗಿಸಿದಳು. ನನ್ನ ಕಡೆ ನೋಡಲಿಲ್ಲ. ಚೀಲದಿಂದ ಚಾಳೀಸು ತೆಗೆದು, ಸೆರಗಿನಿಂದ ಒರೆಸಿ, ಮೂಗಿಗೇರಿಸಿದಳು. ಜನ ಸುತ್ತ ಸೇರಿದರು. ಊರಿನಿಂದ ಬಂದ ತಾಯಿ, ಮಗಳ ಕೆಲಸ ನೋಡಿ ಏನು ಹೇಳುತ್ತಾಳೋ ಎಂದು ಎಲ್ಲರಿಗೂ ಕುತೂಹಲ.

"ನಾ ಹೇಳಿದ್ದನ್ನ ನೀ ಅವರಿಗೆ ಹೇಳು" ಎಂದಳು ನನಗೆ. "ಕೂಸು ಬ್ಯಾಡ, ನೀನ ಹೇಳು. ಈ ಎಳಿ ಸೊಟ್ಟ ಹೋಗೇತಿ."

ಸೊಟ್ಟ ಹೋಗಿರಲಿಲ್ಲ. ಅಳತೆಪಟ್ಟಿ ಇಟ್ಟು ನೋಡಿದರೂ ಹೋಗಿರಲಿಲ್ಲ. ಆದರೂ ಡಚ್ಚಿನಲ್ಲಿ ಹೇಳಿದೆ, ಈ ಸಾಲು ಸೊಟ್ಟ ಅಂತೆ.

"ಮೂಲಿ ಮುರಿಯಾಕ ಬಂದಿಲ್ಲ ಇಕಿಗೆ. ಬಣ್ಣ ಕೂಡಿಲ್ಲ. ಅವಸರದಾಗ ಮಾಡಿದ ಕೆಲಸ. ಹೇಳು."

ಹೇಳಿದೆ. ಜನ ಮುಖ ಮುಖ ನೋಡಿಕೊಂಡರು. ನೇರವಾಗಿ ಮಾತಾಡುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದ ಡಚ್ಚರು ನನ್ನ ಅವ್ವನ ಮುಂದೆ ಉಗುಳು ನುಂಗುತ್ತಿದ್ದರು. ಎದುರುಮನೆಯಾಕೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ನಮಗೆಲ್ಲ ಇದು ತುಂಬಾ ಸುಂದರವಾಗಿ ಕಾಣುತ್ತದೆ ಎಂದು ಅಮ್ಮನಿಗೆ ಹೇಳು" ಎಂದಳು. ಅವ್ವ ಕೇಳಿಸಿಕೊಂಡು ತಲೆಯಾಡಿಸಿದಳು. ಆಮೇಲೆ ಕೈ ಚಾಚಿ ನಡುವಿನ ಬಿಳಿಯ ಚೌಕದ ಮೇಲೆ ಬೆರಳಿಟ್ಟಳು.

"ಇದನ್ನ್ಯಾಕ ಹಚ್ಯಾಳ? ಯಾರದೋ ಹರಕ ಧೋತರ. ಕೌದಿ ಅಂದ ಕೆಡಿಸೇತಿ. ಕಿತ್ತು ಒಗೀರಿ ಅನ್ನು."

"ಅವ್ವಾ..." ಎಂದೆ.

"ಹೇಳು" ಎಂದಳು ಅವ್ವ. "ಕಿತ್ತು ಒಗೀರಿ ಅನ್ನು."

ಎದುರುಮನೆಯಾಕೆ ಕಾಯುತ್ತಿದ್ದಳು. ಎಲ್ಲರೂ ಕಾಯುತ್ತಿದ್ದರು. ನನ್ನ ಡಚ್ಚು ಹಾಳಾಗಲಿ, ಇಂಗ್ಲಿಷೂ ಹೊರಡಲಿಲ್ಲ, ಅಳು ಬಂತು. ಕೊನೆಗೆ ಹೇಗೋ ಹೇಳಿದೆ: ಇದು ನಮ್ಮಪ್ಪನ ಬಟ್ಟೆ. ಈ ಕೌದಿಯನ್ನು ಹೊಲಿದವಳು ಇವಳು, ನಮ್ಮವ್ವ. ನಾನು ಇದರಲ್ಲಿ ಒಂದು ಎಳೆಯನ್ನೂ ಹಾಕಿಲ್ಲ.

ಎದುರುಮನೆಯಾಕೆ ನನ್ನ ಬೆನ್ನ ಮೇಲಿನ ಕೈ ತೆಗೆದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು, "ಮತ್ತೆ ನೀನೇ ಮಾಡಿದ್ದು ಅಂತ ಯಾಕೆ ಹೇಳಿದೆ?"

"ಏನಂತಾರ?" ಎಂದಳು ಅವ್ವ.

"ಯಾಕ ಸುಳ್ಳು ಹೇಳಿದಿ ಅಂತ ಕೇಳಾಕತ್ತಾರ."

"ನಾನೂ ಅದನ್ನ ಕೇಳಾಕತ್ತೀನಿ."

ಅದಕ್ಕೆ ನನ್ನ ಹತ್ತಿರ ಒಂದು ಉತ್ತರವಿತ್ತು, ನಾಚಿಕೆಗೇಡಿನದು, ಆದರೆ ಇದ್ದದ್ದು ಅದೊಂದೇ. "ಇದು ಚಲೋ ಐತಿ ಅಂತ ಇವರು ಹೇಳಿದ ಮ್ಯಾಲ ನನಗ ಗೊತ್ತಾತವ್ವ" ಎಂದೆ.

ಅವ್ವ ಚಾಳೀಸು ಮಡಚಿ ಚೀಲಕ್ಕೆ ಹಾಕಿಕೊಂಡಳು. "ಹಂಗಾರ ಇವರಿಗೇ ಕೊಡು" ಎಂದಳು. ಎದುರುಮನೆಯಾಕೆಯ ಕಡೆ ಕೈ ತೋರಿಸಿದಳು. "ಅಕಿಗೆ ಕೊಡು."

"ಅವ್ವಾ, ಅಪ್ಪನ ಧೋತರ ಐತಿ ಅದರಾಗ."

"ಸೈಕಲ್ಲಿಗೆ ಹೊಚ್ಚಿದಾಗ ಇರಲಿಲ್ಲೇನು?"

ಎದುರುಮನೆಯಾಕೆ ಬೇಡವೆಂದಳು. ಅವ್ವ ಗೋಡೆಯಿಂದ ತಾನೇ ಇಳಿಸಿ, ನಾಲ್ಕು ಮಡಿಕೆ ಮಾಡಿ, ಉಡಿ ತುಂಬುವ ಹಾಗೆ ಅವಳ ಕೈಗಿಟ್ಟಳು. ಅಂಥದ್ದನ್ನು ಬೇಡವೆನ್ನುವ ಧೈರ್ಯ ಯಾರಿಗಿದೆ? ಆಮೇಲೆ ನನ್ನನ್ನು ಹೊಲಿದು ತೋರಿಸು ಎಂದು ಯಾರೂ ಕೇಳಲಿಲ್ಲ, ಬೈಯಲೂ ಇಲ್ಲ, ಕ್ಲಬ್ಬಿನಿಂದ ತೆಗೆಯಲೂ ಇಲ್ಲ. ಮುಂದಿನ ಬುಧವಾರ ಹೋದಾಗ ಕಾಫಿ ಕೊಟ್ಟು, ಸಣ್ಣ ಪ್ರಾಜೆಕ್ಟ್ ಮೇಜಿನಲ್ಲಿ ಜಾಗ ತೋರಿಸಿದರು. ಎದುರುಮನೆಯಾಕೆ ಹೋಳಿಗೆಯ ಮಾತನ್ನು ಕೊನೆಗೂ ನಂಬಿದ್ದಳು. ಹುಳ ಹಿಡಿಯಬಾರದೆಂದು ಕೌದಿಯನ್ನು ಚೀಲದಲ್ಲಿ ಕಟ್ಟಿ ಎರಡು ದಿನ ಫ್ರೀಜರ್‌ನಲ್ಲಿಟ್ಟಿದ್ದಳಂತೆ. ನಮ್ಮಪ್ಪ ಬದುಕಿದ್ದಾಗ ಗದಗ ಜಿಲ್ಲೆ ದಾಟಿದವನಲ್ಲ. ಅವನ ಧೋತರ ರೈಸ್‌ವೈಕ್‌ನಲ್ಲಿ ಬಟಾಣಿ ಪೊಟ್ಟಣದ ಪಕ್ಕದಲ್ಲಿ ಮಲಗಿತ್ತು.

ಅವ್ವ ಉಳಿದ ದಿನಗಳನ್ನು ಹೆಚ್ಚುಕಡಿಮೆ ಎದುರುಮನೆಯಲ್ಲೇ ಕಳೆದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಇಬ್ಬರೂ ಸೇರಿ ನನ್ನ ಹೊಲಿಗೆಯನ್ನು ಚೆನ್ನಾಗಿಯೇ ಬೈದರು. ನನ್ನ ಜೊತೆ ಅವ್ವ ಮಾತು ಬಿಡಲಿಲ್ಲ. ಅಡುಗೆ, ಮಗಳ ಶಾಲೆ, ಊರಿನ ಸುದ್ದಿ ಎಲ್ಲ ಮಾತಾಡಿದಳು. ಕೌದಿಯ ಮಾತನ್ನು ಮಾತ್ರ ಎತ್ತಲಿಲ್ಲ. ಕಲಿಸುವುದನ್ನೂ ನಿಲ್ಲಿಸಿದಳು. ನಾನೂ ಕೇಳಲಿಲ್ಲ.

ಇಲ್ಲಿಯವರು ಕಿಟಕಿಗೆ ಪರದೆ ಹಾಕುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ನಿಂತರೆ ಎದುರುಮನೆಯ ಹಾಲ್ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ಸೋಫಾ ಕಾಣುತ್ತದೆ, ಕೌದಿಯೂ ಕಾಣುತ್ತದೆ. ಕೇಳಿದರೆ ಆಕೆ ವಾಪಸು ಕೊಟ್ಟಾಳು, ಎರಡು ಸಲ ತಾನಾಗಿಯೇ ಹೇಳಿದ್ದಾಳೆ. ಅವ್ವ ಕೊಟ್ಟದ್ದನ್ನು ನಾನು ಯಾವ ಮುಖ ಇಟ್ಟುಕೊಂಡು ಕೇಳಲಿ? ಹೊಟ್ಟೆ ಮಾತ್ರ ಧಗಧಗ ಉರಿಯುತ್ತದೆ. ಮೊನ್ನೆ ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆಯುತ್ತಾ ನೋಡಿದೆ. ಹೊರಗೆ ಜೋರು ಗಾಳಿ. ಆಕೆ ಸೋಫಾದಲ್ಲಿ ಕಾಲು ಮಡಚಿ, ಕೌದಿಯನ್ನು ಗಲ್ಲದವರೆಗೆ ಎಳೆದುಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಬಿಳಿಯ ಚೌಕ ಅವಳ ಎದೆಯ ಮೇಲಿತ್ತು. ಬೆಚ್ಚಗಿರಬೇಕು ಎಂದುಕೊಂಡೆ. ಬೆಚ್ಚಗಿರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಒಂದು ದಿನವೂ ಅದನ್ನು ಹೊದ್ದಿರಲಿಲ್ಲ.